ಶುಕ್ರವಾರವೇ ಬಾರದ ಕ್ಯಾಸೆಟ್

"ಮಾಮಾ, ಈ ಗೇಮಲ್ಲಿ ಶುಕ್ರವಾರ ಬರೋದೇ ಇಲ್ಲ."

ಡೊಂಬಿವಲಿಯಿಂದ ಅಕ್ಕನ ಮಗ ಫೋನು ಮಾಡಿ ಹೀಗೆ ದೂರು ಕೊಟ್ಟಾಗ ನನಗೆ ಮೊದಲು ನಗು ಬಂತು. ಅವನು ಆಡುತ್ತಿದ್ದದ್ದು ಪೊಕೆಮಾನ್ ಸಿಲ್ವರ್, ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದು ಆಡುವ ಮಷೀನಿನ ಆಟ. ಆ ಆಟದಲ್ಲಿ ಯೂನಿಯನ್ ಕೇವ್ ಎಂಬ ಗುಹೆಯಿದೆ. ಅದರ ತಳದಲ್ಲಿ ಲ್ಯಾಪ್ರಾಸ್ ಎಂಬ ಪ್ರಾಣಿ ಶುಕ್ರವಾರ ಮಾತ್ರ ಕಾಣಿಸಿಕೊಳ್ಳುತ್ತದೆ. ಹುಡುಗ ಎರಡು ವಾರ ಕಾದಿದ್ದಾನೆ. ಹೊರಗೆ ಎರಡು ಶುಕ್ರವಾರ ಬಂದು ಹೋದವು. ಆಟದೊಳಗೆ ಮಾತ್ರ ಯಾವಾಗ ನೋಡಿದರೂ ಭಾನುವಾರ.

ತಪ್ಪು ನನ್ನದೇ. ಅಸಲಿ ಕಾರ್ಟ್ರಿಡ್ಜ್, ಅಂದರೆ ಆಟ ತುಂಬಿದ, ಮಷೀನಿಗೆ ಸಿಕ್ಕಿಸುವ ಪುಟ್ಟ ಡಬ್ಬಿ, 2001ರಲ್ಲಿ ಸೋದರಮಾವ ದುಬೈಯಿಂದ ಬರುವಾಗ ಅಕ್ಕನಿಗೆ ತಂದುಕೊಟ್ಟದ್ದು. ಹುಡುಗ ಅದನ್ನು ಲೋಕಲ್ ಟ್ರೇನಿನಲ್ಲಿ ಎಲ್ಲಾದರೂ ಬೀಳಿಸಿಬಿಟ್ಟಾನು ಎಂದು ಅಕ್ಕನಿಗೆ ಭಯ. "ಇದರದ್ದೇ ಇನ್ನೊಂದು ಮಾಡಿಸ್ಲಿಕ್ಕೆ ಆಗ್ತದಾ ನೋಡು" ಅಂದಳು. ನಾನು ಜಾಸ್ತಿ ತಲೆ ಕೆಡಿಸಿಕೊಳ್ಳದೆ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿದ ಒಂದು ರೆಪ್ರೋ ತರಿಸಿ ಹುಡುಗನ ಕೈಗಿಟ್ಟೆ. ನೋಡಲಿಕ್ಕೆ ಥೇಟ್ ಅಸಲಿಯ ಹಾಗೇ ಇತ್ತು. ಆಟ ಶುರುವಾಗುತ್ತಿತ್ತು, ಸೇವ್ ಕೂಡ ಆಗುತ್ತಿತ್ತು. ಒಳಗೆ ಗಡಿಯಾರ ಮಾತ್ರ ಇರಲಿಲ್ಲ.

ರೆಪ್ರೋ ಅಂದರೆ ರೀಪ್ರೊಡಕ್ಷನ್. ಹಳೆಯ ಆಟದ ಕಾರ್ಟ್ರಿಡ್ಜನ್ನು ಹೊಸ ಬೋರ್ಡು, ಹೊಸ ಚಿಪ್, ಹೊಸ ಪ್ಲಾಸ್ಟಿಕ್ ಹಾಕಿ ಮತ್ತೆ ಮಾಡಿದ್ದು. ಬ್ಯಾಕಪ್ಪಿಗೆಂದು ಇದನ್ನು ಮಾಡಿಸಲು ಹೊರಟವರೆಲ್ಲ ನನ್ನ ಹಾಗೆ ಒಂದು ಸಲವಾದರೂ ಎಡವುತ್ತಾರೆ. ಇದರಲ್ಲಿ ನಾವು ಕಾರ್ಟ್ರಿಡ್ಜಿಗೆ ಇಟ್ಟ ಹೆಸರಿನ ಪಾತ್ರವೂ ಇದೆ ಅಂತ ನನಗೆ ಅನ್ನಿಸುತ್ತದೆ. ಮುಂಬೈಯ ಭಾಂಡುಪಿನ ನಮ್ಮ ಚಾಳಿನಲ್ಲಿ ಇದನ್ನು ಯಾರೂ ಕಾರ್ಟ್ರಿಡ್ಜ್ ಅನ್ನುತ್ತಿರಲಿಲ್ಲ. ಕ್ಯಾಸೆಟ್ ಅನ್ನುತ್ತಿದ್ದೆವು. "ನಿನ್ನ ಮಾರಿಯೋ ಕ್ಯಾಸೆಟ್ ಒಂದು ದಿನಕ್ಕೆ ಕೊಡು." ಹಾಡಿನ ಕ್ಯಾಸೆಟ್ಟಾದರೆ ಎರಡು ಡೆಕ್ ಇರುವ ಟೇಪ್ ರೆಕಾರ್ಡರಿನಲ್ಲಿ ಹಾಕಿ ಒಂದರಿಂದ ಇನ್ನೊಂದಕ್ಕೆ ಇಳಿಸಬಹುದಿತ್ತು. ಖಾಲಿ ಕ್ಯಾಸೆಟ್ ಯಾವ ಕಂಪನಿಯದ್ದಾದರೂ ಹಾಡು ಹಾಡೇ. ಗೇಮ್ ಕ್ಯಾಸೆಟ್ ಹಾಗಲ್ಲ. ಅದರಲ್ಲಿ ಟೇಪೇ ಇಲ್ಲ. ಅದು ಮಷೀನಿನದ್ದೇ ಒಂದು ತುಂಡು, ಹೊರಗಿಂದ ಸಿಕ್ಕಿಸುವುದು, ಅಷ್ಟೇ.

ಒಂದು ಖೋಲಿಯಲ್ಲಿ 128 ಸಂಸಾರ

ಅಕ್ಕನ ಕಾರ್ಟ್ರಿಡ್ಜ್ ಬಿಚ್ಚಿದರೆ ಬೆರಳು ಮೂರರಷ್ಟು ಅಗಲದ ಹಸಿರು ಬೋರ್ಡು ಕಾಣುತ್ತದೆ. ಅದರ ಮೇಲಿರುವ ಮುಖ್ಯ ಸಾಮಾನು ಐದೇ. ಆಟ ಇರುವ ರೋಮ್ ಚಿಪ್, ಅದನ್ನು ನಡೆಸುವ ಇನ್ನೊಂದು ಚಿಪ್, ಸೇವ್ ಇಡುವ ಪುಟ್ಟ ರ್ಯಾಮ್, ಬಟನ್ ಸೆಲ್, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಕ್ರಿಸ್ಟಲ್.

ಆ ಎರಡನೆಯ ಚಿಪ್ಪನ್ನು ಮ್ಯಾಪರ್ ಎನ್ನುತ್ತಾರೆ. ಹೆಚ್ಚಿನವರಿಗೆ ಅರ್ಥವಾಗದೇ ಉಳಿಯುವುದು ಇದೇ. ಗೇಮ್ ಬಾಯ್ ಒಂದು ಹೊತ್ತಿಗೆ ಕಾರ್ಟ್ರಿಡ್ಜಿನ ಆಟದಿಂದ 32 ಕಿಲೋಬೈಟ್ ಮಾತ್ರ ನೋಡಬಲ್ಲದು. ಟೆಟ್ರಿಸ್‌ನಂಥ ಚಿಕ್ಕ ಆಟ ಅಷ್ಟರಲ್ಲೇ ಮುಗಿಯುತ್ತದೆ. ಅದಕ್ಕೆ ಮ್ಯಾಪರ್ ಬೇಕಿಲ್ಲ. ಆದರೆ ದುಬೈಯಿಂದ ಬಂದ ಈ ಇಂಗ್ಲಿಷ್ ಸಿಲ್ವರ್ 2 ಮೆಗಾಬೈಟ್, ಅಂದರೆ ಮಷೀನಿಗೆ ಕಾಣುವುದಕ್ಕಿಂತ 64 ಪಟ್ಟು.

ಚಾಳಿನ ಖೋಲಿಯಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡುವ ಕಷ್ಟವಿಲ್ಲ. ಒಂದೇ ಕೋಣೆ. ಮೂಲೆಯ ಒಲೆ ಕದಲುವುದಿಲ್ಲ. ಉಳಿದ ಜಾಗ ಬೆಳಿಗ್ಗೆ ಊಟದ ಮನೆ, ಮಧ್ಯಾಹ್ನ ಮಕ್ಕಳ ಓದಿನ ಕೋಣೆ, ರಾತ್ರಿ ಚಾಪೆ ಬಿಡಿಸಿದರೆ ಮಲಗುವ ಕೋಣೆ. ಗೇಮ್ ಬಾಯಲ್ಲೂ ಹಾಗೇ. 32ರಲ್ಲಿ ಮೊದಲ 16 ಕಿಲೋಬೈಟ್ ಒಲೆಯ ಹಾಗೆ ಕೂತಲ್ಲೇ ಕೂತಿರುತ್ತದೆ. ಉಳಿದ 16ರ ಜಾಗದಲ್ಲಿ ಬೇಕಾದಾಗ ಬೇಕಾದ ತುಂಡು ಬಂದು ಕೂರುತ್ತದೆ. ಸಿಲ್ವರಿನಲ್ಲಿ ಇಂಥ ತುಂಡುಗಳು ಒಟ್ಟು 128. ಚಾಪೆ ಮಡಿಸಿ ತಟ್ಟೆ ಹಾಕುವ ಕೆಲಸ ಮ್ಯಾಪರಿನದ್ದು. ಅದೂ ಆಟಗಾರನಿಗೆ ಗೊತ್ತೇ ಆಗದಷ್ಟು ಬೇಗ.

ತೊಂದರೆ ಏನೆಂದರೆ ಮ್ಯಾಪರಿನಲ್ಲಿ ಹಲವು ಜಾತಿಗಳಿವೆ. ಗೇಮ್ ಬಾಯ್ ಒಂದರಲ್ಲೇ ಎಂಬಿಸಿ 1, ಎಂಬಿಸಿ 3, ಎಂಬಿಸಿ 5 ಎಂದೆಲ್ಲ ಇವೆ. ಎಂಬಿಸಿ 3ಕ್ಕೆ ಬರೆದ ಆಟವನ್ನು ಎಂಬಿಸಿ 5ರ ಬೋರ್ಡಿಗೆ ತುಂಬಿದರೆ ಎಷ್ಟೋ ಸಲ ಆಟ ಶುರುವಾಗಿಯೇ ಬಿಡುತ್ತದೆ. ಮಾಡಿದವನೂ ಆಯಿತು ಎಂದುಕೊಳ್ಳುತ್ತಾನೆ. ಗಡಿಯಾರ ಇರುವುದು ಎಂಬಿಸಿ 3ರಲ್ಲಿ. ಎಂಬಿಸಿ 5ರಲ್ಲಿ ಅದಿಲ್ಲ. ನಾನು ತರಿಸಿದ್ದ ಅಗ್ಗದ ಮಾಲಿನಲ್ಲಿ ಆಗಿದ್ದೂ ಇದೇ.

ನಿಂಟೆಂಡೊದ ಬೇರೆ ಮಷೀನುಗಳಲ್ಲೂ ಇದೇ ಕಥೆ. 1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಮ್, ಅದೇ ಮಷೀನು ಅಮೆರಿಕದಲ್ಲಿ ಬೇರೆ ರೂಪದಲ್ಲಿ ಎನ್‌ಇಎಸ್. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡೀ ಆಟ 40 ಕಿಲೋಬೈಟ್. ಬೆಳಿಗ್ಗೆ ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರ ಇದಕ್ಕಿಂತ ದೊಡ್ಡದಿರುತ್ತದೆ. ಅದಕ್ಕೆ ಮ್ಯಾಪರ್ ಇಲ್ಲ. ಮಾರಿಯೋ 3 ಹೊತ್ತಿಗೆ 384 ಕಿಲೋಬೈಟ್, ಎಂಎಂಸಿ 3 ಎಂಬ ಮ್ಯಾಪರ್ ಇಲ್ಲದೆ ಅದು ಒಂದು ಹೆಜ್ಜೆ ಇಡುವುದಿಲ್ಲ. ಸೂಪರ್ ನಿಂಟೆಂಡೊದ ಸ್ಟಾರ್ ಫಾಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ. 1993ರ ಆ ಆಟದ ಕಾರ್ಟ್ರಿಡ್ಜಿನಲ್ಲಿ ಸೂಪರ್ ಎಫ್‌ಎಕ್ಸ್ ಎಂಬ ಬೇರೆಯದ್ದೇ ಪ್ರೊಸೆಸರ್ ಇತ್ತು. ಅಂಥದ್ದಕ್ಕೆ ಸುಮ್ನೆ ಫೈಲ್ ನಕಲು ಮಾಡಿ ಏನು ಪ್ರಯೋಜನ? ಆ ಪ್ರೊಸೆಸರನ್ನೂ ತಂದು ಕೂರಿಸಬೇಕು, ಇಲ್ಲವೇ ಅದರ ಕೆಲಸ ಮಾಡುವ ಇನ್ನೊಂದನ್ನು ಹುಡುಕಬೇಕು.

ಗಡಿಯಾರಕ್ಕೆ ವಾರ ಗೊತ್ತಿಲ್ಲ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನನಗೆ ಇದು ಬಹಳ ಇಷ್ಟವಾದ ಭಾಗ.

ಬೋರ್ಡಿನ ಆ ಕ್ರಿಸ್ಟಲ್ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಇದೆಂಥ ವಿಚಿತ್ರ ಸಂಖ್ಯೆ ಅನ್ನಿಸುತ್ತದೆ, ಅಲ್ವಾ? ಇದನ್ನು ಅರ್ಧ ಮಾಡಿ. ಮತ್ತೆ ಅರ್ಧ ಮಾಡಿ. ಹೀಗೆ ಹದಿನೈದು ಸಲ ಮಾಡಿದರೆ ಸರಿಯಾಗಿ ಒಂದು ಉಳಿಯುತ್ತದೆ. ಅರ್ಧ ಮಾಡುವುದು ಎಲೆಕ್ಟ್ರಾನಿಕ್ಸಿನಲ್ಲಿ ಎಲ್ಲಕ್ಕಿಂತ ಸುಲಭದ ಕೆಲಸ. ಕೈಗಡಿಯಾರದಲ್ಲಿರುವುದೂ ಇದೇ ಕ್ರಿಸ್ಟಲ್. ಗೇಮ್ ಬಾಯ್ ಆರಿಸಿ ಕಪಾಟಿನಲ್ಲಿಟ್ಟರೂ ಬಟನ್ ಸೆಲ್ಲಿನ ಶಕ್ತಿಯಲ್ಲಿ ಇದು ಎಣಿಸುತ್ತಲೇ ಇರುತ್ತದೆ.

ಆದರೆ ಅದಕ್ಕೆ ಇವತ್ತು ಯಾವ ವಾರ ಎಂಬುದು ಗೊತ್ತಿಲ್ಲ. ಎಂಬಿಸಿ 3 ಎಣಿಸುವುದು ಸೆಕೆಂಡು, ನಿಮಿಷ, ಗಂಟೆ, ಮತ್ತು ಎಷ್ಟು ದಿನ ಕಳೆಯಿತು ಎಂಬ ಲೆಕ್ಕ. ಅದೂ 0ರಿಂದ 511ರವರೆಗೆ ಮಾತ್ರ. ಆಟ ಶುರು ಮಾಡುವಾಗ ಗಂಟೆ ಎಷ್ಟು, ವಾರ ಯಾವುದು ಎಂದು ಕೇಳುತ್ತದಲ್ಲ, ನೀವು ಹೇಳಿದ ಉತ್ತರಕ್ಕೆ ಆಟ ಈ ಲೆಕ್ಕವನ್ನು ಕೂಡಿಸಿಕೊಳ್ಳುತ್ತದೆ. ಹುಡುಗ ರಜೆಯ ದಿನ ಆಟ ಶುರು ಮಾಡಿದ್ದ. ಭಾನುವಾರ ಅಂತ ಹೇಳಿದ್ದ. ಎಣಿಸುವವರೇ ಇಲ್ಲದ ಮೇಲೆ ಭಾನುವಾರಕ್ಕೆ ಕೂಡಿಸುವುದೇನನ್ನು?

ಈ ಗಡಿಯಾರದಿಂದಾಗಿಯೇ ಸಿಲ್ವರ್ ಮತ್ತು ಅದರ ಜೋಡಿ ಆಟ ಗೋಲ್ಡ್ ಕಾರ್ಟ್ರಿಡ್ಜುಗಳ ಸೆಲ್ ಬೇರೆಯವಕ್ಕಿಂತ ಬೇಗ ಸಾಯುತ್ತದೆ. ರ್ಯಾಮಿನಲ್ಲಿ ಸೇವ್ ಹಿಡಿದಿಟ್ಟುಕೊಳ್ಳಲು ಬೇಕಾದ ಕರೆಂಟು ತೀರಾ ಕಮ್ಮಿ. ಗಡಿಯಾರ ಹಗಲೂ ರಾತ್ರಿ ಕುಡಿಯುತ್ತದೆ. ಅಕ್ಕ ಕಾಲೇಜಿಗೆ ಹೋಗುವಾಗ ಆಟದಲ್ಲಿ ಕಟ್ಟಿದ್ದ ಪೊಕೆಮಾನುಗಳ ಪಡೆ, ಊರಿಗೆ ಹೋಗುವ ರೈಲಿನಲ್ಲಿ ರಾತ್ರಿಯಿಡೀ ಎದ್ದು ಬೆಳೆಸಿದ್ದು, ಎಲ್ಲ 32 ಕಿಲೋಬೈಟಿನ ರ್ಯಾಮಿನಲ್ಲಿತ್ತು. ಸೆಲ್ ಮುಗಿದ ದಿನ ಅದೂ ಮುಗಿದಿತ್ತು. ಆ ದಿನ ಯಾವುದು ಅಂತ ಯಾರಿಗೂ ಗೊತ್ತಿಲ್ಲ. ವರ್ಷಗಳ ಮೇಲೆ ಒಂದು ಸಲ ಹಾಕಿ ನೋಡಿದಾಗ ಹೊಸ ಆಟ ಎಂಬ ಆಯ್ಕೆ ಮಾತ್ರ ಬಂತು.

ಆಟಕ್ಕೆ ಏನೂ ಆಗಿರಲಿಲ್ಲ. ಅಸಲಿ ರೋಮ್ ಮಾಸ್ಕ್ ರೋಮ್. ಸೊನ್ನೆ, ಒಂದು ಎಲ್ಲವನ್ನೂ ಕಾರ್ಖಾನೆಯಲ್ಲೇ ಸಿಲಿಕಾನಿನಲ್ಲಿ ಮೂಡಿಸಿರುತ್ತಾರೆ. ಅದಕ್ಕೆ ಸೆಲ್ ಬೇಡ. ಹಾಗಾಗಿ ಹಳೆಯ ಕಾರ್ಟ್ರಿಡ್ಜಿನಲ್ಲಿ ಮೊದಲು ಹೋಗುವುದು ಆಟವಲ್ಲ, ನೀವು ಆಡಿದ್ದು. ಬ್ಯಾಕಪ್ ಎಂದ ಕೂಡಲೇ ನಾವು ಆಟದ ಬಗ್ಗೆ ಯೋಚಿಸುತ್ತೇವೆ. ಆ ಆಟ ಲೋಕದಲ್ಲಿ ಲಕ್ಷಾಂತರ ಕಾರ್ಟ್ರಿಡ್ಜುಗಳಲ್ಲಿದೆ. ಅಕ್ಕನ ಸೇವ್ ಇದ್ದದ್ದು ಒಂದರಲ್ಲೇ.

ಥಾಣೆಯ ಅಂಗಡಿಯಲ್ಲಿ

ಹುಡುಗನ ದೂರಿನ ಮೇಲೆ ಎರಡೂ ಕಾರ್ಟ್ರಿಡ್ಜ್ ಹಿಡಿದುಕೊಂಡು ಥಾಣೆಗೆ ಹೋದೆ. ಅಲ್ಲಿ ಕುಂದಾಪುರ ಕಡೆಯ ಸ್ನೇಹಿತನೊಬ್ಬನ ರಿಪೇರಿ ಅಂಗಡಿಯಿದೆ. ಹೊಟ್ಟೆಪಾಡಿಗೆ ಮೊಬೈಲ್, ಇಷ್ಟಕ್ಕೆ ಹಳೆಯ ಗೇಮ್.

ಅಗ್ಗದ್ದನ್ನು ಬಿಚ್ಚಿ ನೋಡಿ "ಎಂತ ಮಾರಾಯ, ಕ್ರಿಸ್ಟಲ್ಲೇ ಇಲ್ವಲ್ಲ ಇದ್ರಲ್ಲಿ" ಅಂದ. ಚಿಪ್ ಇರಬೇಕಾದಲ್ಲಿ ಕಪ್ಪು ಅಂಟಿನ ಒಂದು ಗುಡ್ಡೆ. ಅಸಲಿಯಲ್ಲಿ ಚಿಪ್ಪುಗಳ ಮೇಲೆ ನಂಬರು, ಬೋರ್ಡಿನ ಮೇಲೆ ಕಂಪನಿಯ ಹೆಸರು, ಎಲ್ಲ ಓದಲು ಬರುತ್ತದೆ.

ಅಸಲಿಯನ್ನು ಬಿಚ್ಚಲು ಮಾಮೂಲಿ ಸ್ಕ್ರೂಡ್ರೈವರ್ ಆಗುವುದಿಲ್ಲ. 3.8 ಮಿಲಿಮೀಟರಿನ ಗೇಮ್‌ಬಿಟ್ ಎಂಬುದು ಬೇಕು. ಪೆನ್ನು ಕಾಯಿಸಿ ಒತ್ತಿ ಬಿಚ್ಚುವ ಉಪಾಯ ನಾವು ಚಿಕ್ಕಂದಿನಲ್ಲಿ ಮಾಡಿದ್ದೇವೆ, ದಯವಿಟ್ಟು ಮಾಡಬೇಡಿ. ಸೆಲ್ ಸಿಆರ್ 2025. ಈ ನಂಬರಿನಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 2.5 ದಪ್ಪ. ಹಾಗೇ 2032 ಅಂದರೆ 3.2 ದಪ್ಪ, 1616 ಅಂದರೆ 16 ಅಗಲ, 1.6 ದಪ್ಪ. ಅಂಗಡಿಯಲ್ಲಿ ಸಿಗುವ ಬರೀ ಸೆಲ್ ತಂದು ಅದರ ಮೇಲೇ ಸೋಲ್ಡರ್ ಇಡಬಾರದು, ಲಿಥಿಯಂ ಸೆಲ್ಲಿಗೆ ಆ ಬಿಸಿ ಆಗಿಬರುವುದಿಲ್ಲ. ಪಟ್ಟಿ ಮೊದಲೇ ಬೆಸೆದಿರುವ ಸೆಲ್ ಬರುತ್ತದೆ, ಅದನ್ನೇ ತರಬೇಕು.

ಇನ್ನು ಮುಖ್ಯ ಕೆಲಸ, ಡಂಪ್. ಅಂದರೆ ಕಾರ್ಟ್ರಿಡ್ಜಿನಲ್ಲಿ ಇರುವುದನ್ನು ಓದಿ ಕಂಪ್ಯೂಟರಿನಲ್ಲಿ ಫೈಲ್ ಮಾಡಿಕೊಳ್ಳುವುದು. ಗೇಮ್ ಬಾಯಿಗೆ ಜಿಬಿಎಕ್ಸ್‌ಕಾರ್ಟ್ ಎಂಬ ಅಂಗೈಯಗಲದ ಸಾಧನವಿದೆ, ಯುಎಸ್‌ಬಿಗೆ ಚುಚ್ಚುವುದು. ಬೇರೆ ಬೇರೆ ಮಷೀನಿನವನ್ನೂ ಓದಬೇಕಾದರೆ ಆರ್ಡುಯಿನೊ ಮೆಗಾ ಬೋರ್ಡಿನ ಮೇಲೆ ಕಟ್ಟುವ ಓಪನ್ ಸೋರ್ಸ್ ರೀಡರ್ ಇದೆ. ಅದಕ್ಕೆ ಬೇಕಾದ ಬಿಡಿ ಸಾಮಾನು ಹೆಚ್ಚಿನದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವಂಥದ್ದೇ.

ಮೊದಲ ಸಲ ಓದಿದಾಗ ಚೆಕ್‌ಸಮ್ ತಪ್ಪು ಎಂದು ಬಂತು. ಆಟದ ಫೈಲಿನ ಎಲ್ಲ ಬೈಟುಗಳನ್ನು ಕೂಡಿಸಿ ಬಂದ ಲೆಕ್ಕವನ್ನು ಆಟದ ತಲೆಭಾಗದಲ್ಲೇ ಬರೆದಿಟ್ಟಿರುತ್ತಾರೆ. ಓದಿದ್ದರ ಮೊತ್ತ ಅದಕ್ಕೆ ಹೊಂದದಿದ್ದರೆ ಎಲ್ಲೋ ಒಂದು ಬೈಟಾದರೂ ತಪ್ಪಾಗಿದೆ ಎಂದರ್ಥ. ಮೋಜೆಂದರೆ ಗೇಮ್ ಬಾಯ್ ಈ ಮೊತ್ತವನ್ನು ಪರೀಕ್ಷೆಯೇ ಮಾಡುವುದಿಲ್ಲ. ಅದು ನೋಡುವುದು ಎರಡೇ. ತಲೆಭಾಗದ್ದಷ್ಟೇ ಒಂದು ಚಿಕ್ಕ ಚೆಕ್‌ಸಮ್, ಮತ್ತು ನಿಂಟೆಂಡೊ ಹೆಸರಿನ ಚಿತ್ರ. ಆನ್ ಮಾಡಿದಾಗ ಮೇಲಿಂದ ಇಳಿದು ಬರುತ್ತದಲ್ಲ, ಆ ಹೆಸರು 48 ಬೈಟಿನಲ್ಲಿ ಕಾರ್ಟ್ರಿಡ್ಜಿನೊಳಗೇ ಇರುತ್ತದೆ. ಮಷೀನು ತನ್ನ ಹತ್ತಿರ ಇರುವ ಪ್ರತಿಗೆ ಅದನ್ನು ಹೋಲಿಸುತ್ತದೆ. ಹೊಂದಿದರೆ ಆಟ, ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಕೊಳೆ ಕೂತ ಕಾರ್ಟ್ರಿಡ್ಜಿನಲ್ಲಿ ಆ ಹೆಸರಿನ ಬದಲು ಕಪ್ಪು ಪಟ್ಟಿ ಇಳಿದು ಬರುವುದು ಇದಕ್ಕೇ. ಹೀಗಾಗಿ ಆಟ ಶುರುವಾಯಿತು ಎಂದರೆ ನಕಲು ಸರಿಯಿದೆ ಎಂದು ಅರ್ಥವಲ್ಲ. ತಪ್ಪಿದ ಬೈಟು ನಲವತ್ತು ಗಂಟೆ ಆಡಿದ ಮೇಲೆ ಬರುವ ಊರಿನಲ್ಲಿರಬಹುದು.

ಸ್ನೇಹಿತ ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಬೋರ್ಡಿನ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಉಜ್ಜಿದ. ಹತ್ತಿ ಕಪ್ಪಾಯಿತು. ಇನ್ನೊಂದು ಕಡ್ಡಿ. ಅದೂ ಕಪ್ಪು. ನಾಲ್ಕನೆಯದು ಬಿಳಿಯಾಗಿಯೇ ಉಳಿಯಿತು. ಇಪ್ಪತ್ತು ಚಿಲ್ಲರೆ ವರ್ಷಗಳ ಮುಂಬೈ ಮಳೆಗಾಲ ಆ ಮೂರು ಕಡ್ಡಿಗಳಲ್ಲಿತ್ತು. ನಾವು ಚಿಕ್ಕಂದಿನಲ್ಲಿ ಬಾಯಿಂದ ಊದುತ್ತಿದ್ದೆವಲ್ಲ, ಅದರಿಂದ ಹೋಗುತ್ತಿದ್ದ ಧೂಳಿಗಿಂತ ಕೂರುತ್ತಿದ್ದ ಎಂಜಲೇ ಜಾಸ್ತಿ. ತೆಗೆದು ಮತ್ತೆ ಹಾಕಿದ್ದರಿಂದ ಸರಿಯಾಗುತ್ತಿತ್ತು, ನಾವು ಊದಿದ್ದಕ್ಕೆ ಅಂದುಕೊಳ್ಳುತ್ತಿದ್ದೆವು.

ಎರಡನೆಯ ಸಲ ಚೆಕ್‌ಸಮ್ ಸರಿ ಬಂತು. ಮೂರನೆಯ ಸಲವೂ ಓದಿ ಎರಡು ಫೈಲುಗಳನ್ನು ಹೋಲಿಸಿದೆವು. ಆಮೇಲೆ ಫೈಲಿನ ಎಸ್‌ಎಚ್‌ಎ 1 ಹ್ಯಾಶ್ ತೆಗೆದೆವು. ಇದು ಫೈಲಿನ ಬೆರಳಚ್ಚು ಇದ್ದ ಹಾಗೆ, ನಲವತ್ತು ಅಕ್ಷರದ ಸಾಲು. ಒಂದೇ ಒಂದು ಬಿಟ್ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. ನೋ ಇಂಟ್ರೊ ಎಂಬ ಸಂರಕ್ಷಕರ ಗುಂಪು ಸರಿಯಾದ ಡಂಪುಗಳ ಬೆರಳಚ್ಚುಗಳನ್ನು ಪಟ್ಟಿ ಮಾಡಿಟ್ಟಿದೆ. ನಮ್ಮದು ಅದಕ್ಕೆ ಹೊಂದಿತು. ನನ್ನ ಮಟ್ಟಿಗೆ ಬ್ಯಾಕಪ್ ಆದದ್ದು ಆ ಕ್ಷಣದಲ್ಲಿ. ಮುಂದೆ ಮಾಡಿಸುವ ರೆಪ್ರೋ ಕೆಡಬಹುದು, ಕಳೆಯಬಹುದು, ಈ ಫೈಲ್ ಇದ್ದರೆ ಇನ್ನೊಂದು ಮಾಡಿಸಬಹುದು. ನಾನು ಆನ್‌ಲೈನಿನಲ್ಲಿ ತರಿಸಿದ್ದೆನಲ್ಲ, ಅದು ಅಕ್ಕನ ಕಾರ್ಟ್ರಿಡ್ಜಿನ ಬ್ಯಾಕಪ್ಪೇ ಅಲ್ಲ. ಯಾರದ್ದೋ ಫೈಲಿನ ಯಾರೋ ಮಾಡಿದ ನಕಲು.

ಸೇವ್ ಬೇರೆ ಫೈಲಾಗಿ ಬರುತ್ತದೆ. ಅಕ್ಕನದ್ದು ಹೋಗಿತ್ತು. ಹುಡುಗನದ್ದನ್ನು ಅಗ್ಗದ ಕಾರ್ಟ್ರಿಡ್ಜಿನಿಂದ ಓದಿಕೊಂಡೆವು. ನಿಮ್ಮ ಹಳೆಯ ಕಾರ್ಟ್ರಿಡ್ಜಿನಲ್ಲಿ ಸೇವ್ ಇನ್ನೂ ಜೀವಂತ ಇದ್ದರೆ, ಸೆಲ್ ಬದಲಿಸುವ ಮೊದಲು ಇದನ್ನು ಮಾಡಿ. ಹಳೆಯ ಸೆಲ್ ಕಿತ್ತ ಕೂಡಲೇ ರ್ಯಾಮ್ ಖಾಲಿ.

ಯಾವುದರ ಮೇಲೆ ಬರೆಯುತ್ತಾರೆ

ಫೈಲ್ ಸಿಕ್ಕಿತು. ಅದನ್ನು ಬರೆಯುವುದು ಯಾವುದರ ಮೇಲೆ? ಮಾಸ್ಕ್ ರೋಮ್ ಒಂದೆರಡು ಮಾಡಿಸಲಿಕ್ಕಾಗುವುದಿಲ್ಲ, ಅದು ಕಾರ್ಖಾನೆಯ ಬಾಬತ್ತು.

ಹಳೆಯ ದಾರಿ ಇಪ್ರೋಮ್. 27ಸಿ ಎಂದು ಶುರುವಾಗುವ ನಂಬರಿನ ಚಿಪ್ಪುಗಳು, ನಡುವೆ ಗಾಜಿನ ಪುಟ್ಟ ಕಿಟಕಿ ಇರುವಂಥವು. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರದ ಲ್ಯಾಮಿಂಗ್ಟನ್ ರೋಡಿನ ಹಳಬರಿಗೆ ಇವು ಚೆನ್ನಾಗಿ ಗೊತ್ತು. ಆ ರಸ್ತೆಗೆ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ ಎಂಬ ಹೆಸರಿದೆ, ಆದರೆ ಆ ಹೆಸರು ಹೇಳಿ ದಾರಿ ಕೇಳಿದವರನ್ನು ನಾನು ಕಂಡಿಲ್ಲ. ಇಪ್ರೋಮನ್ನು ಅಳಿಸಲು ಯುವಿ ದೀಪದ ಕೆಳಗೆ ಹದಿನೈದು ಇಪ್ಪತ್ತು ನಿಮಿಷ ಇಡುತ್ತಾರೆ. ಕಿಟಕಿ ಮುಚ್ಚದೆ ಬಿಟ್ಟರೆ ನೇರ ಬಿಸಿಲಿಗೆ ಒಂದು ವಾರದಲ್ಲಿ, ಟ್ಯೂಬ್‌ಲೈಟಿಗೆ ಸುಮಾರು ಮೂರು ವರ್ಷದಲ್ಲಿ ಅಳಿದುಹೋಗುತ್ತದೆ ಎಂದು ಚಿಪ್ ಮಾಡುವವರೇ ಹೇಳುತ್ತಾರೆ. ಆದ್ದರಿಂದ ಕಿಟಕಿಗೆ ಬೆಳಕು ತೂರದ ಸ್ಟಿಕರ್ ಹಚ್ಚಿಯೇ ಕೂರಿಸಬೇಕು.

ಇಪ್ರೋಮ್ ಕೂರಿಸಲು ಬೋರ್ಡು ಬೇಕು. ಅದಕ್ಕೆ ಯಾವುದೋ ಬೇಡದ ಅಸಲಿ ಆಟ ತಂದು, ಅದರ ರೋಮ್ ಕಿತ್ತು, ಅದೇ ಜಾಗದಲ್ಲಿ ಇದನ್ನು ಇಡುವ ರೂಢಿಯಿದೆ. ಇದಕ್ಕೆ ಹೆಚ್ಚಾಗಿ ಬಲಿಯಾಗುವುದು ಹಳೆಯ ಸ್ಪೋರ್ಟ್ಸ್ ಗೇಮ್. ನನಗೆ ಇದು ಸರಿಕಾಣುವುದಿಲ್ಲ. ಒಂದನ್ನು ಉಳಿಸಲು ಇನ್ನೊಂದನ್ನು ಕೊಲ್ಲುವುದು ಯಾವ ಬ್ಯಾಕಪ್? ಈಗ ಹೊಸ ಬೋರ್ಡುಗಳೇ ಸಿಗುತ್ತವೆ, ಕಾರಣವೂ ಇಲ್ಲ.

ಹೊಸ ದಾರಿ ಫ್ಲ್ಯಾಶ್ ಮೆಮೊರಿ. ಬೋರ್ಡಿನಲ್ಲಿದ್ದ ಹಾಗೇ ಡಂಪರಿನಿಂದಲೇ ಬರೆಯಬಹುದು, ಬೇಕೆಂದರೆ ಅಳಿಸಿ ಮತ್ತೆ ಬರೆಯಬಹುದು. ಇಲ್ಲಿ ಒಂದು ಹೊಂಡವಿದೆ. ಇವತ್ತಿನ ಅಗ್ಗದ ಫ್ಲ್ಯಾಶ್ ಚಿಪ್ಪುಗಳು 3.3 ವೋಲ್ಟಿನವು. ಎನ್‌ಇಎಸ್, ಸೂಪರ್ ನಿಂಟೆಂಡೊ, ಹಳೆಯ ಗೇಮ್ ಬಾಯ್ ಎಲ್ಲ 5 ವೋಲ್ಟಿನವು. ನಡುವೆ ವೋಲ್ಟೇಜ್ ಇಳಿಸಿ ಏರಿಸುವ ಚಿಪ್ ಇರಬೇಕು. ಕಾಸು ಉಳಿಸಲು ಅದನ್ನು ಬಿಟ್ಟು ನೇರವಾಗಿ ಜೋಡಿಸಿದ ಬೋರ್ಡುಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಆಟ ನಡೆಯುತ್ತದೆ, ಅದೇ ಮೋಸ. ಚಿಪ್ ತನ್ನ ಮಿತಿಗಿಂತ ಹೆಚ್ಚು ವೋಲ್ಟೇಜಿನಲ್ಲಿ ಏಗುತ್ತಿರುತ್ತದೆ. ಅದು ಕೆಟ್ಟರೆ ಹೋಗಲಿ ಅನ್ನಬಹುದು, ಅದರ ಜೊತೆ ಮೂವತ್ತು ವರ್ಷದ ಕನ್ಸೋಲಿಗೂ ತೊಂದರೆಯಾದರೆ?

ಬೋರ್ಡಿನ ದಪ್ಪವನ್ನೂ ಕೇಳಿ. ಸರ್ಕಿಟ್ ಬೋರ್ಡು ಮಾಡಿಕೊಡುವವರು ಏನೂ ಹೇಳದಿದ್ದರೆ 1.6 ಮಿಲಿಮೀಟರಿನದ್ದು ಮಾಡುತ್ತಾರೆ. ಎನ್‌ಇಎಸ್‌ಗೆ 1.2, ಗೇಮ್ ಬಾಯಿಗೆ 0.8 ಇರಬೇಕು. ದಪ್ಪದ್ದನ್ನು ಒತ್ತಿ ತುರುಕಿದರೆ ಕನ್ಸೋಲಿನ ಒಳಗಿನ ಪಿನ್ನುಗಳು ಅಗಲವಾಗುತ್ತವೆ. ಆಮೇಲೆ ಅಸಲಿ ಹಾಕಿದರೆ ಅದೇ ಸಡಿಲ.

ಗಡಿಯಾರ ಇಲ್ಲದ ಆಟವಾದರೆ ಸೇವ್‌ಗೆ ಎಫ್‌ರ್ಯಾಮ್ ಎಂಬ ಬೇರೆ ಬಗೆಯ ಮೆಮೊರಿ ಹಾಕಿಸುವುದುಂಟು. ಅದಕ್ಕೆ ಸೆಲ್ ಬೇಡ. ಸಿಲ್ವರಿಗೆ ಆ ಭಾಗ್ಯವಿಲ್ಲ, ಗಡಿಯಾರ ಓಡಲು ಸೆಲ್ ಬೇಕೇ ಬೇಕು.

ಇಷ್ಟೆಲ್ಲ ಬೇಡ, ಆಡಿದರೆ ಸಾಕು ಎನ್ನುವವರಿಗೆ ಎವರ್‌ಡ್ರೈವ್‌ನಂಥ ಫ್ಲ್ಯಾಶ್ ಕಾರ್ಟ್ ಇದೆ. ನಿಮ್ಮ ಡಂಪುಗಳನ್ನೆಲ್ಲ ಒಂದು ಎಸ್‌ಡಿ ಕಾರ್ಡಿಗೆ ಹಾಕಿ ಅದರಲ್ಲಿ ಸಿಕ್ಕಿಸಿದರಾಯಿತು. ನಿಜ ಹೇಳಬೇಕೆಂದರೆ ಹತ್ತಾರು ಆಟ ಇರುವವರಿಗೆ ಇದೇ ಲಾಭ. ಆದರೆ ಮಗುವಿನ ಕೈಗೆ ಒಂದೇ ಆಟ ಕೊಡಬೇಕೆಂದಿದ್ದರೆ ಒಂಟಿ ಕಾರ್ಟ್ರಿಡ್ಜೇ ಒಳ್ಳೆಯದು.

ಯಾರ ಬ್ಯಾಕಪ್, ಯಾರ ಹಕ್ಕು

ಕಾನೂನಿನ ಮಾತು ತೆಗೆದರೆ ಈ ಹವ್ಯಾಸದವರು ಮುಖ ತಿರುಗಿಸುತ್ತಾರೆ. ಆದರೂ ಹೇಳಬೇಕು.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಎಎ) ಕಲಮು ಕಂಪ್ಯೂಟರ್ ಪ್ರೋಗ್ರಾಮಿನ ಬ್ಯಾಕಪ್ ಬಗ್ಗೆಯೇ ಇದೆ. ಪ್ರೋಗ್ರಾಮಿನ ಪ್ರತಿಯನ್ನು ಕಾನೂನುಬದ್ಧವಾಗಿ ಇಟ್ಟುಕೊಂಡಿರುವವರು, ಕಳೆದುಹೋಗುವುದು, ನಾಶವಾಗುವುದು, ಹಾಳಾಗುವುದರಿಂದ ತಾತ್ಕಾಲಿಕ ರಕ್ಷಣೆಗೆಂದು ಮಾತ್ರ, ಅದು ಯಾವ ಉದ್ದೇಶಕ್ಕೆ ಬಂದಿತ್ತೋ ಅದೇ ಉದ್ದೇಶಕ್ಕೆ ಬಳಸಲು ಬ್ಯಾಕಪ್ ಮಾಡಿಕೊಳ್ಳುವುದು ಉಲ್ಲಂಘನೆಯಲ್ಲ ಎಂಬುದು ಅದರ ಸಾರ. ಪ್ರತಿ ಇಟ್ಟುಕೊಂಡಿರುವವರು ಎಂಬ ಮಾತಿನ ಮೇಲೆ ಬೆರಳಿಡಿ. ಇಂಟರ್ನೆಟ್ಟಿನಿಂದ ಇಳಿಸಿಕೊಂಡದ್ದು, ಅಂಗಡಿಯವರು ನೂರು ಪ್ರತಿ ಮಾಡಿ ಮಾರುವುದು, ಅಸಲಿಯನ್ನು ಮಾರಿ ನಕಲು ಇಟ್ಟುಕೊಳ್ಳುವುದು, ಯಾವುದಕ್ಕೂ ಈ ಕಲಮಿನ ನೆರಳು ಸಿಗುವುದಿಲ್ಲ. ಕೃತಿಸ್ವಾಮ್ಯ ಉಲ್ಲಂಘಿಸಿದ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 63ಬಿ ಕಲಮಿದೆ: ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಇದಕ್ಕೇ ನಾನು ಅಕ್ಕನ ಕಾರ್ಟ್ರಿಡ್ಜನ್ನು ಪಾರ್ಸೆಲ್ ಮಾಡಿ ಎಲ್ಲಿಗೋ ಕಳಿಸಲಿಲ್ಲ. ಅದರಿಂದಲೇ ಓದಿದ್ದು ಅದರ ಪ್ರತಿಗೇ ಹೋಗಲಿ ಎಂದು ಪಕ್ಕದಲ್ಲೇ ಕೂತಿದ್ದೆ.

ಈ ಜಗಳ ಹಳೆಯದು. 1983ರಲ್ಲೇ ಅಮೆರಿಕದಲ್ಲಿ ಜೆಎಸ್ ಆ್ಯಂಡ್ ಎ ಎಂಬ ಕಂಪನಿ ಪ್ರೋಮ್ ಬ್ಲಾಸ್ಟರ್ ಎಂಬ ಯಂತ್ರ ಮಾರುತ್ತಿತ್ತು. ಅಟಾರಿ ಕಾರ್ಟ್ರಿಡ್ಜುಗಳನ್ನು ನಕಲು ಮಾಡುವುದು ಅದರ ಕೆಲಸ. ಬ್ಯಾಕಪ್ಪಿಗೆ ಎಂದು ಅವರ ವಾದ. ಅಟಾರಿ ಕೋರ್ಟಿಗೆ ಹೋಯಿತು. ಬ್ಯಾಕಪ್ಪಿನ ವಿನಾಯಿತಿ ಇರುವುದು ಯಂತ್ರದ ಅಥವಾ ವಿದ್ಯುತ್ತಿನ ದೋಷದಿಂದ ಅಳಿದುಹೋಗಬಲ್ಲ ಪ್ರೋಗ್ರಾಮಿಗೆ, ರೋಮ್ ಕಾರ್ಟ್ರಿಡ್ಜಿಗೆ ಆ ಅಪಾಯವಿಲ್ಲ ಎಂದು ಕೋರ್ಟು ಅಟಾರಿ ಪರವಾಗಿ ನಿಂತಿತು. ಮಾಸ್ಕ್ ರೋಮಿನ ಗಟ್ಟಿತನವೇ ಬ್ಯಾಕಪ್ಪಿಗೆ ಮುಳುವಾಯಿತು. ಅದು ಅವರ ಕಾನೂನು, ನಮ್ಮ ಕಲಮಿನ ಮಾತು ಬೇರೆ.

ನಮ್ಮ ಕಡೆಯ ಪೇಚು ಇನ್ನೊಂದು. ನಾವು ಚಾಳಿನಲ್ಲಿ ಆಡಿದ್ದು ಫ್ಯಾಮಿಕಾಮಿನ ತದ್ರೂಪಿ ಮಷೀನು, 60 ಪಿನ್ನಿನ ಹಳದಿ ಕ್ಯಾಸೆಟ್. ಮೇಲೆ 9999 ಆಟ ಎಂದು ಬರೆದಿರುತ್ತಿತ್ತು. ಒಳಗೆ ಅವೇ ಹತ್ತಿಪ್ಪತ್ತು ಆಟ ಬೇರೆ ಬೇರೆ ಹೆಸರಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಅದೇ ಕಳ್ಳ ನಕಲು. ಅದಕ್ಕೆ ಬ್ಯಾಕಪ್ ಮಾಡಿಸುವ ಹಕ್ಕು ನನಗಿದೆ ಎಂದು ಯಾವ ಬಾಯಿಂದ ಹೇಳಲಿ? ಗಲ್ಫಿನಿಂದ ಮಾವಂದಿರು ಅಸಲಿ ತಂದುಕೊಟ್ಟ ಅಕ್ಕನಂಥವರು ನಮ್ಮಲ್ಲಿ ಎಣಿಸಿ ಕೆಲವರು. ಹಳದಿ ಕ್ಯಾಸೆಟ್ ನನ್ನ ಬಳಿ ಇನ್ನೂ ಒಂದಿದೆ. ಅದನ್ನು ಹಾಗೇ ಇಟ್ಟಿದ್ದೇನೆ.

ರೆಪ್ರೋ ಮಾಡಿಸಿದರೆ ಲೇಬಲ್ ಮೇಲೆ ನಕಲು ಎಂದು ಕಾಣುವ ಹಾಗೆ ಬರೆಸಿ. ಇವತ್ತು ನಿಮಗೆ ಗೊತ್ತಿದೆ. ಹತ್ತು ವರ್ಷದ ಮೇಲೆ ಮನೆ ಖಾಲಿ ಮಾಡುವಾಗ ಯಾರೋ ಅದನ್ನು ಅಸಲಿ ಎಂದು ಮಾರಿದರೆ ಕೊಂಡವನಿಗೆ ಗೊತ್ತಾಗುವುದು ಹೇಗೆ? ನಮ್ಮದಕ್ಕೆ ಸ್ನೇಹಿತ ಬೆಳ್ಳಿ ಬಣ್ಣದ ಬದಲು ಪಾರದರ್ಶಕ ಪ್ಲಾಸ್ಟಿಕ್ ಹಾಕಿದ. ಒಳಗಿನ ಕ್ರಿಸ್ಟಲ್ ಹೊರಗೇ ಕಾಣುತ್ತದೆ. ಎಂಬಿಸಿ 3ರ ಕೆಲಸ ಮಾಡುವ ಬೋರ್ಡು ಬರಲು ಸ್ವಲ್ಪ ದಿನ ಹಿಡಿಯಿತು. ಬಂದ ಮೇಲೆ 2 ಮೆಗಾಬೈಟ್ ಬರೆದದ್ದು ಚಹಾ ಮುಗಿಯುವಷ್ಟರಲ್ಲಿ. ಬರೆದದ್ದನ್ನು ಮತ್ತೆ ಓದಿ ಬೆರಳಚ್ಚು ಹೋಲಿಸಿದೆವು, ಹೊಂದಿತು. ಹುಡುಗನ ಸೇವ್ ಇಳಿಸಿದೆವು. ಆನ್ ಮಾಡಿದಾಗ ಗಡಿಯಾರ ತಪ್ಪಿರಬಹುದು, ಸರಿಮಾಡು ಎಂದು ಆಟವೇ ಕೇಳಿತು. ಅವತ್ತು ಮಂಗಳವಾರ. ಮಂಗಳವಾರ ಎಂದೇ ಹೇಳಿದೆ.

ಅಸಲಿಗೂ ಹೊಸ ಸೆಲ್ ಹಾಕಿಸಿ, ಮಳೆಗಾಲದ ತೇವಕ್ಕೆ ಸಿಲಿಕಾ ಜೆಲ್ಲಿನ ಎರಡು ಪುಡಿಕೆ ಜೊತೆಗಿಟ್ಟು ಡಬ್ಬಿಯಲ್ಲಿ ಮುಚ್ಚಿ ಅಕ್ಕನಿಗೆ ಕೊಟ್ಟೆ. ಫೈಲನ್ನು ಒಂದು ಪೆನ್‌ಡ್ರೈವಿಗೆ, ಒಂದು ನನ್ನ ಕಂಪ್ಯೂಟರಿಗೆ ಹಾಕಿದೆ.

ಆ ವಾರವೇ ಸಂಜೆ ಏಳು ಗಂಟೆಗೆ ಹುಡುಗನ ಫೋನು ಬಂತು.

"ಮಾಮಾ, ಶುಕ್ರವಾರ ಬಂತು!"

"ಲ್ಯಾಪ್ರಾಸ್ ಸಿಕ್ಕಿತಾ?"

"ಇಲ್ಲ. ಅಲ್ಲಿಗೆ ನೀರಲ್ಲಿ ಹೋಗಬೇಕಂತೆ. ನನ್ನ ಹತ್ರ ಸರ್ಫ್ ಇನ್ನೂ ಇಲ್ಲ."